ಹಳ್ಳಿ ಕಡೆ ಕಳ್ಳತನ, ಗಲಾಟೆ, ಪೊಲೀಸ್ ಕಂಪ್ಲೇಂಟ್: ಮಲ್ನಾಡಿನವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಕಡೆ ಊರು ಅಂದ್ರೆ ಬಯಲುಸೀಮೆ ತರ ಒಂದೇ ಬೀದಿಲಿ ಸಾಲು ಮನೆ ಅಲ್ಲ. ತೋಟದ ತಲೆಲಿ ಒಂದು ಮನೆ, ಗುಡ್ಡ ಇಳಿದ್ರೆ ಇನ್ನೊಂದು, ಮಧ್ಯ ಹಳ್ಳ, ಕಾನು. ಎಷ್ಟೋ ಮನೇಲಿ ಮಕ್ಳು ಬೆಂಗ್ಳೂರಲ್ಲಿ, ಇಲ್ಲಿ ವಯಸ್ಸಾದ ಇಬ್ರೇ, ಅಟ್ಟದ ಮೇಲೆ ವರ್ಷದ ದುಡಿಮೆ ಚೀಲದಲ್ಲಿ. ಸ್ಟೇಷನ್ ಎಲ್ಲೋ ದೂರ. ಅದ್ಕೇ ಏನಾದ್ರೂ ಆದಾಗ ಮೊದಲು ಬರೋ ಮಾತು "ಸುಮ್ನೆ ಯಾಕೆ ಸ್ಟೇಷನ್ ಮೆಟ್ಲು ಹತ್ತದು" ಅಂತ. ಹಂಗೆ ಬಿಟ್ಟಾಗ ಲಾಭ ಕಳ್ಳನಿಗೆ, ಹೊಡೆದವನಿಗೆ. ಬಲ ಇದ್ದವ್ರು ಹೆಂಗೋ ದಾರಿ ಮಾಡ್ಕೊತಾರೆ, ಇಲ್ಲದವ್ರಿಗೆ ಕೈಲಿರೋದು ಒಂದು ಕಾಗ್ದ ಮಾತ್ರ, ಆ ಕಾಗ್ದ ಹೆಂಗೆ ಮಾಡಿಸ್ಕೊಳ್ಳದು ಅಂತ ಹೇಳಕ್ಕೇ ಇಷ್ಟುದ್ದ ಬರೆದಿದ್ದು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್, ಬಿಎನ್‌ಎಸ್‌ಎಸ್ ಬಂದಿದೆ, ಬಿಎನ್‌ಎಸ್ ಅಂದ್ರೆ ಯಾವ್ದು ಅಪರಾಧ, ಎಷ್ಟು ಶಿಕ್ಷೆ ಅನ್ನೋ ಕಾನೂನು, ಬಿಎನ್‌ಎಸ್‌ಎಸ್ ಅಂದ್ರೆ ಪೊಲೀಸ್, ಕೋರ್ಟ್ ಕೆಲ್ಸ ಹೆಂಗೆ ನಡೀಬೇಕು ಅನ್ನೋ ಕಾನೂನು. ಕೆಳಗೆ ಹೇಳಿರೋ ಸೆಕ್ಷನ್ ಎಲ್ಲ ಹೊಸದ್ರದ್ದು.

ರಾತ್ರಿ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡದು? ನಮ್ಮಲ್ಲಿ ನೆಟ್‌ವರ್ಕೇ ಸಿಗಲ್ಲ

112. ಈ ಕರೆ ನಿಮ್ಮ ಊರಿನ ಸ್ಟೇಷನ್ನಿಗೆ ನೇರ ಹೋಗಲ್ಲ, ಕಂಟ್ರೋಲ್ ರೂಮಿಗೆ ಹೋಗತ್ತೆ, ಅಲ್ಲಿಂದ ಹತ್ರ ಇರೋ ಗಾಡಿಗೆ ಹೇಳ್ತಾರೆ, ಕರೆ ದಾಖಲೂ ಆಗತ್ತೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ದಿದ್ರೂ ಬೇರೆ ಯಾವ್ದಾದ್ರೂ ಕಂಪನಿ ಟವರ್ ಸಿಗ್ತಿದ್ರೆ ಅದ್ರ ಮೇಲೇ 112 ಹೋಗತ್ತೆ, ಹಾಗಾಗಿ "ನೆಟ್‌ವರ್ಕ್ ಇಲ್ಲ" ಅಂತ ತೋರ್ಸಿದ್ರೂ ಒಮ್ಮೆ ಒತ್ತಿ ನೋಡಿ. ಎಂತದೂ ಸಿಗದ ಗುಂಡಿ ಊರಾದ್ರೆ ಲ್ಯಾಂಡ್‌ಲೈನ್ ಇದ್ದವ್ರು ದಯವಿಟ್ಟು ಅದನ್ನ ತೆಗೆಸ್ಬೇಡಿ.

ಇನ್ನೊಂದು ಮುಖ್ಯ ವಿಷ್ಯ, ಜಾಗ ಹೇಳೋ ರೀತಿ. ಟವರ್ ನೋಡಿ ಅವ್ರಿಗೆ ನಿಮ್ಮ ಮನೆ ಸಿಗಲ್ಲ. ಗ್ರಾಮ ಪಂಚಾಯ್ತಿ ಹೆಸ್ರು, ಯಾವ ರೋಡಲ್ಲಿ ಎಲ್ಲಿ ತಿರುಗಬೇಕು, ಬಸ್ ಸ್ಟಾಪು, ಸ್ಕೂಲು, ದೇವಸ್ಥಾನ ಯಾವ್ದು, ಅಲ್ಲಿಂದ ಎಷ್ಟು ದೂರ ಅಂತ ಒಂದು ಚೀಟಿಲಿ ಬರ್ದು ಫೋನ್ ಪಕ್ಕ ಅಂಟಿಸಿಡಿ. ಗಾಬ್ರಿಲಿ ಸ್ವಂತ ಊರಿನ ದಾರಿ ಹೇಳಕ್ಕೂ ಬಾಯಿ ಬರಲ್ಲ.

ದೂರ ಅನ್ನೋದು ನಮ್ಮ ಕಡೆ ಬರೀ ಕಿಲೋಮೀಟರಿನ ಲೆಕ್ಕ ಅಲ್ಲ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವ್ರಿಗೆ ಸಂಜೆ ಲಾಂಚ್ ನಿಂತ್ರೆ ಆಮೇಲೆ ಪೊಲೀಸೂ ಇಲ್ಲ, ಆಂಬುಲೆನ್ಸೂ ಇಲ್ಲ ಅನ್ನೋ ಸ್ಥಿತಿ ಎಷ್ಟು ವರ್ಷ ಇತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆಗಿದ್ದು 2025ರ ಜುಲೈನಲ್ಲಿ. ಅದನ್ನ ಸಿಗಂದೂರು ಯಾತ್ರೆಗೆ ಅನುಕೂಲ ಅಂತ ಮಾತ್ರ ಮಾತಾಡ್ತಾರೆ, ರಾತ್ರಿ ಹೊತ್ತು ಒಂದು ಜೀಪು ಆಚೆ ದಡಕ್ಕೆ ಹೋಗ್ಬಹುದು ಅನ್ನೋದು ಅಲ್ಲಿಯವ್ರಿಗೆ ಅದಕ್ಕಿಂತ ದೊಡ್ಡದು.

ಬೀಟ್ ಪೊಲೀಸ್ ಅಂದ್ರೆ ಯಾರು? ನಾವು ನೋಡೇ ಇಲ್ಲ

ಪ್ರತಿ ಸ್ಟೇಷನ್ ವ್ಯಾಪ್ತಿನ ಬೀಟ್ ಅಂತ ಭಾಗ ಮಾಡಿರ್ತಾರೆ, ಒಂದೊಂದಕ್ಕೂ ಒಬ್ರು ಕಾನ್ಸ್‌ಟೇಬಲ್ ಇರ್ತಾರೆ. ಹಿಂದೆ ಊರಿಗೆ ಪಟೇಲ, ಶಾನುಭೋಗ, ತಳವಾರ ಅಂತ ಇದ್ರು, ಕಾವಲು ಕಾಯೋದು, ಅಪರಿಚಿತರು ಬಂದ್ರೆ ಸುದ್ದಿ ಮುಟ್ಸದು ತಳವಾರನ ಕೆಲ್ಸ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಲಿ ಆ ವಂಶಪಾರಂಪರ್ಯ ಹುದ್ದೆ ಎಲ್ಲ ಹೋಯ್ತು, ಹೋಗಿದ್ದು ಒಳ್ಳೇದೇ, ಯಾಕಂದ್ರೆ ಅದ್ರಲ್ಲಿ ಜಾತಿ ದರ್ಪ ಎಷ್ಟಿತ್ತು ಅಂತ ಹಳೇಬರಿಗೆ ಗೊತ್ತು. ಆದ್ರೆ ಊರಿನ ಸುದ್ದಿ ಠಾಣೆಗೆ ಮುಟ್ಟೋ ದಾರಿ ಬೇಕಲ್ಲ, ಅದು ಈಗ ಬೀಟ್ ಪೊಲೀಸು. 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಸರ್ಕಾರ ಶುರು ಮಾಡಿದ್ದೂ ಇದೇ ಉದ್ದೇಶಕ್ಕೆ.

ನಿಮ್ಮ ಬೀಟಿನವ್ರು ಯಾರು ಅಂತ ಸ್ಟೇಷನ್ನಲ್ಲಿ ಕೇಳಿ, ಹೆಸ್ರು ನಂಬರ್ ಕೊಡ್ತಾರೆ. ಒಂಟಿ ಮನೆ, ವಯಸ್ಸಾದವ್ರೇ ಇರೋ ಮನೆ, ಮದ್ವೆಗೋ ಯಾತ್ರೆಗೋ ಬೀಗ ಹಾಕಿ ಹೋಗೋ ಮನೆ, ಇದೆಲ್ಲ ಅವ್ರಿಗೆ ಮೊದ್ಲೇ ತಿಳಿಸ್ಬೇಕು. ಒಬ್ಬರಿಗೆ ಎಷ್ಟೋ ಊರು ಇರತ್ತೆ, ಬಂದೋಬಸ್ತು, ಕೋರ್ಟು, ಸಮನ್ಸು ಎಲ್ಲ ಅವ್ರ ತಲೆ ಮೇಲೇ. ಬರಲ್ಲ ಅಂತ ಬೈಯೋ ಮೊದ್ಲು ನಮ್ಮ ಕಡೆಯಿಂದ ಸುದ್ದಿ ಹೋಗ್ತಿದ್ಯಾ ಅಂತ ನೋಡೋದು ನ್ಯಾಯ.

ಅಡಿಕೆ ಕಳುವಾಗಿದೆ. ಅಡಿಕೆಗೆ ಗುರುತೇ ಇಲ್ಲ, ಕಂಪ್ಲೇಂಟ್ ಕೊಟ್ಟು ಏನ್ ಪ್ರಯೋಜ್ನ?

ಇದೇ ಅತೀ ಜಾಸ್ತಿ ಬರೋ ಪ್ರಶ್ನೆ. ರಾಶಿ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ್ದನ್ನ ನೋಡಿದೀವಿ, ಅಂದ್ರೆ ಒಂದು ಚೀಲ ಅಂಗಳದಿಂದ ಹೋದ್ರೆ ಬೈಕ್ ಹೋದಷ್ಟೇ ನಷ್ಟ. ಅಡಿಕೆ ಕೊಯ್ಲು ಶುರುವಾದ್ರೆ ಮರದ ಮೇಲಿನ ಗೊನೆನೇ ರಾತ್ರೋರಾತ್ರಿ ಇಳಿಸ್ತಾರೆ, ಬೇಯ್ಸಿ ಚಪ್ಪರದ ಮೇಲೆ ಹರವಿದ್ದನ್ನ ಬಾಚ್ತಾರೆ, ಒಣಗಿ ಚೀಲಕ್ಕೆ ತುಂಬಿದ್ದನ್ನ ಅಟ್ಟದಿಂದ ಸಾಗಿಸ್ತಾರೆ.

ಗುರುತಿಲ್ಲ ಅನ್ನೋದು ನಿಜ, ಬೇರೆ ರಾಶಿಗೆ ಸೇರಿದ್ರೆ ಮುಗೀತು. ಅದ್ಕೇ ಗುರುತು ನಾವು ಮಾಡ್ಬೇಕು. ಚೀಲಕ್ಕೆ ಒಳಗಿಂದ ಪೇಂಟಲ್ಲಿ ಒಂದು ಗುರುತು ಹಾಕಿ, ಹೊಲಿಗೆ ದಾರ ಒಂದೇ ಬಣ್ಣದ್ದು ಇಟ್ಕೊಳ್ಳಿ, ತೂಕ ಮಾಡಿದ ದಿನ ಎಷ್ಟು ಚೀಲ, ಎಷ್ಟು ಕೆಜಿ ಅಂತ ಬುಕ್ಕಲ್ಲಿ ಬರ್ದು ಫೋಟೋ ತೆಗ್ದಿಡಿ. ಹೋದ ವರ್ಷ ಮಾಮ್ಕೋಸ್ಗೋ (ಅಡಿಕೆ ಮಾರಾಟದ ಸಹಕಾರ ಸಂಘ) ಮಂಡಿಗೋ ಹಾಕಿದ ಚೀಟಿ ಎಸಿಬೇಡಿ, ನಿಮ್ಮ ತೋಟದಲ್ಲಿ ಇಷ್ಟು ಬೆಳೆ ಬರತ್ತೆ ಅನ್ನಕ್ಕೆ ಅದೇ ಸಾಕ್ಷಿ. ತೋಟ ಚೇಣಿಗೆ, ಅಂದ್ರೆ ಫಸಲನ್ನ ಗುತ್ತಿಗೆಗೆ ಕೊಟ್ಟಿದ್ರೆ ಕರಾರು ಕಾಗ್ದದಲ್ಲಿ ಇರ್ಲಿ, ಇಲ್ಲ ಅಂದ್ರೆ ಕಳುವಾದದ್ದು ಯಾರ ಮಾಲು ಅನ್ನೋದೇ ಮೊದಲ ಜಗಳ ಆಗತ್ತೆ.

ಕಂಪ್ಲೇಂಟಲ್ಲಿ ಬೆಲೆ ಬರಿಯೋದು ಮರಿಬೇಡಿ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಬಿಎನ್‌ಎಸ್ 303ರ ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000ಕ್ಕಿಂತ ಕಡ್ಮೆ ಇದ್ರೆ ಅದು ಪೊಲೀಸರು ತಾವಾಗೇ ಎಫ್‌ಐಆರ್ ಹಾಕಿ ತನಿಖೆ ಮಾಡೋ ಅಪರಾಧ ಅಲ್ಲ, ಕೋರ್ಟ್ ಅನುಮತಿ ಬೇಕು. ಮನೆ ಒಳಗಿಂದ ಅಥ್ವಾ ಮಾಲು ಇಡೋ ಕಟ್ಟಡದಿಂದ ಹೋದ್ರೆ 305, ಅದಕ್ಕೆ 7 ವರ್ಷದವರೆಗೆ ಶಿಕ್ಷೆ. ಹಾಗಾಗಿ "ಸ್ವಲ್ಪ ಅಡಿಕೆ ಹೋಗಿದೆ" ಅಂತ ಬರಿಬೇಡಿ. ಎಲ್ಲಿಂದ ಹೋಯ್ತು, ಎಷ್ಟು ಕೆಜಿ, ಆ ದಿನದ ರೇಟಲ್ಲಿ ಎಷ್ಟಾಗತ್ತೆ, ನಿಜ ಎಷ್ಟೋ ಅಷ್ಟೇ ಬರೀರಿ, ಏರ್ಸೂಬೇಡಿ. ಏರ್ಸಿ ಬರ್ದಿದ್ದು ಕೋರ್ಟಲ್ಲಿ ನಿಮ್ಮ ಮಾತಿನ ಮೇಲೇ ಅನುಮಾನ ತರ್ಸತ್ತೆ. ಬೀಗ, ಬಾಗ್ಲು, ಏಣಿ ಏನನ್ನೂ ಮುಟ್ಬೇಡಿ, ನೋಡಕ್ಕೆ ಬಂದ ನೆಂಟ್ರನ್ನೂ ಅಂಗಳದ ಆಚೆಗೇ ನಿಲ್ಸಿ, ಬೆರಳಚ್ಚು ಸಿಗೋದಿದ್ರೆ ಮೊದಲ ಕೆಲವು ಗಂಟೆಲೇ.

ಪಂಪ್‌ಸೆಟ್ ಮೋಟ್ರು, ಕೇಬಲ್ಲು, ಕಾಳುಮೆಣಸು ಇದಕ್ಕೂ ಹಿಂಗೇ. ಮೋಟ್ರಿನ ಸೀರಿಯಲ್ ನಂಬರ್ ಫೋಟೋ ಇಟ್ಕೊಳ್ಳಿ.

ತೋಟಕ್ಕೆ ಚೌಡೇಶ್ವರಿ ಕಾವಲಿದೆ ಅಂತ ಬೋರ್ಡ್ ಹಾಕಿದೀವಿ, ಸಾಕಲ್ವಾ?

ಸಿಗಂದೂರಿನ ಆ ಬೋರ್ಡು ನಮ್ಮ ಕಡೆ ಎಷ್ಟು ತೋಟದಲ್ಲಿ ಇದೆ ಅಂತ ಎಲ್ರಿಗೂ ಗೊತ್ತು, ಅದನ್ನ ನೋಡಿ ಕೈ ಹಿಂದೆ ತೆಗೆಯೋರು ಇದ್ದಾರೆ. ನಂಬಿಕೆ ಇರ್ಲಿ, ಬೋರ್ಡೂ ಇರ್ಲಿ. ಆದ್ರೆ ಕಳುವಾದ್ಮೇಲೆ ಅನುಮಾನ ಬಂದವ್ರನ್ನ ದೇವಸ್ಥಾನಕ್ಕೆ ಎಳ್ಕೊಂಡು ಹೋಗಿ ಆಣೆ ಮಾಡು ಅನ್ನೋದಿದ್ಯಲ್ಲ, ಅದು ಹೆಚ್ಚಾಗಿ ನಡಿಯೋದು ಕೂಲಿಯವ್ರ ಮೇಲೆ, ಪಾಪದವ್ರ ಮೇಲೆ. ದೇವ್ರಿಗೆ ಹರಕೆ ಹೇಳ್ಕೊಳ್ಳಿ, ಮನುಷ್ಯರ ಮೇಲೆ ಅನುಮಾನ ಇದ್ರೆ ಪೊಲೀಸಿಗೆ ಹೇಳಿ.

ಸ್ಟೇಷನ್ನಲ್ಲಿ ಕಂಪ್ಲೇಂಟೇ ತಗೊಳ್ತಾ ಇಲ್ಲ, "ನಾಳೆ ಬಾ", "ಅದು ನಮ್ಮ ಲಿಮಿಟ್ ಅಲ್ಲ" ಅಂತಾರೆ

ಎರಡೂ ಮಾತಿಗೆ ಉತ್ರ ಕಾನೂನಲ್ಲೇ ಇದೆ. ಗಂಭೀರ ಅಪರಾಧದ ಮಾಹಿತಿ ಬಂದ್ರೆ ಎಫ್‌ಐಆರ್ ಹಾಕ್ಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಕೇಸಲ್ಲಿ ಹೇಳಿದೆ. ಬಿಎನ್‌ಎಸ್‌ಎಸ್ 173ರ ಪ್ರಕಾರ ಯಾವ ಸ್ಟೇಷನ್ ಆದ್ರೂ ತಗೋಬೇಕು, ಘಟನೆ ಎಲ್ಲೇ ಆಗಿರ್ಲಿ. ಹೊಸನಗರದಲ್ಲಿ ಆದ್ದಕ್ಕೆ ಸಾಗರದಲ್ಲಿ ಕೊಟ್ರೂ ಝೀರೋ ಎಫ್‌ಐಆರ್ ಹಾಕಿ ಅವ್ರೇ ಕಳಿಸ್ಬೇಕು. ಎಫ್‌ಐಆರ್ ಕಾಪಿ ಫ್ರೀ, ಅದಕ್ಕೆ ಯಾರೂ ದುಡ್ಡು ಕೇಳೋ ಹಂಗಿಲ್ಲ.

ಹೋಗಕ್ಕೇ ಆಗಲ್ಲ, ಮಳೆಗೆ ರೋಡ್ ಕಟ್ ಆಗಿದೆ ಅಂದ್ರೆ ಎಲೆಕ್ಟ್ರಾನಿಕ್ ಆಗಿ ಕಳಿಸ್ಬಹುದು, ಆದ್ರೆ ಮೂರು ದಿನದ ಒಳಗೆ ಹೋಗಿ ಸಹಿ ಹಾಕಿದ್ರೆ ಮಾತ್ರ ಅದು ದಾಖಲಾಗತ್ತೆ. ಜುಲೈ ಮಳೆಗೆ ಆಗುಂಬೆ ಕಡೆ ಮೂರು ದಿನ ಸಾಲದೇ ಇರಬಹುದು, ಅದನ್ನ ಕಾನೂನು ಮಾಡಿದವ್ರು ಯೋಚ್ನೆ ಮಾಡಿದ ಹಂಗೆ ಕಾಣಲ್ಲ.

ಒಂದು ವಿಷ್ಯ ಪೊಲೀಸ್ ಪರವಾಗೂ ಹೇಳ್ಬೇಕು. 3 ವರ್ಷದಿಂದ 7 ವರ್ಷದ ಒಳಗೆ ಶಿಕ್ಷೆ ಇರೋ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ತಗೊಂಡು 14 ದಿನದ ಒಳಗೆ ಪ್ರಾಥಮಿಕ ವಿಚಾರಣೆ ಮಾಡಕ್ಕೆ ಅವಕಾಶ ಇದೆ. ಹಾಗಾಗಿ ಅದೇ ದಿನ ಎಫ್‌ಐಆರ್ ಆಗ್ಲಿಲ್ಲ ಅಂತ ತಕ್ಷಣ ಜಗಳಕ್ಕೆ ಇಳಿಬೇಡಿ, ಆದ್ರೆ ಸ್ವೀಕೃತಿ ತಗೊಳ್ದೇ ಸ್ಟೇಷನ್ ಬಿಟ್ಟು ಬರ್ಲೂಬೇಡಿ. ಎರಡು ಕಾಪಿ ಬರ್ಕೊಂಡು ಹೋಗಿ, ಒಂದ್ರ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೊಳ್ಳಿ. ಅಷ್ಟಾದ್ಮೇಲೂ ಆಗ್ಲಿಲ್ಲ ಅಂದ್ರೆ ಅದೇ ಕಂಪ್ಲೇಂಟ್ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ದಲಿತರ ಮೇಲಿನ ದೌರ್ಜನ್ಯದ ಕೇಸಲ್ಲಿ ಈ ಪ್ರಾಥಮಿಕ ವಿಚಾರಣೆ ಅನ್ನೋ ಮಾತೇ ಬರಲ್ಲ, 2018ರ ತಿದ್ದುಪಡಿಲಿ ಅದು ಬೇಕಿಲ್ಲ ಅಂತ ಸ್ಪಷ್ಟ ಇದೆ, ತನಿಖೆನೂ ಡಿವೈಎಸ್‌ಪಿ ಮಟ್ಟದವ್ರೇ ಮಾಡ್ಬೇಕು.

ಎಫ್‌ಐಆರ್ ಆಯ್ತು, ಆಮೇಲೆ ಸುದ್ದಿನೇ ಇಲ್ಲ

ತನಿಖೆ ಎಲ್ಲಿಗೆ ಬಂತು ಅಂತ 90 ದಿನದ ಒಳಗೆ ನಿಮಗೆ ತಿಳಿಸ್ಬೇಕು, ಮೆಸೇಜಲ್ಲಿ ತಿಳ್ಸಿದ್ರೂ ಸರಿ. ಕೊನೆಗೆ ಚಾರ್ಜ್‌ಶೀಟ್ ಆಗ್ಬಹುದು, ಅಥ್ವಾ ಬಿ ರಿಪೋರ್ಟ್, ಅಂದ್ರೆ ಅಪರಾಧ ನಡ್ದೇ ಇಲ್ಲ ಅಥ್ವಾ ಸುಳ್ಳು ಅಂತ, ಇಲ್ಲ ಸಿ ರಿಪೋರ್ಟ್, ಅಂದ್ರೆ ಕಳ್ಳತನ ಆಗಿದೆ ಆದ್ರೆ ಯಾರು ಅಂತ ಪತ್ತೆ ಆಗ್ಲಿಲ್ಲ ಅಂತ. ಬಿ ರಿಪೋರ್ಟ್ ಹಾಕಿದ್ರೆ ಕೋರ್ಟಲ್ಲಿ ತಕರಾರು ಸಲ್ಲಿಸ್ಬಹುದು, ನೋಟಿಸ್ ಬಂದಾಗ ಮನೆಲಿ ಸುಮ್ನೆ ಕೂರ್ಬೇಡಿ. ಮಾಲು ಸಿಕ್ರೆ ಸ್ಟೇಷನ್ನಲ್ಲೇ ವಾಪಸ್ ಕೊಡಲ್ಲ, ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೋಬೇಕು. ಅಡಿಕೆ ಚೀಲ ಠಾಣೆಲಿ ಕೂತ್ರೆ ಹುಳ ಹಿಡಿಯತ್ತೆ, ಬೇಗ ಅರ್ಜಿ ಹಾಕಿ.

ರಾತ್ರಿ ದನ ಕದ್ದೊಯ್ತಾರೆ. ಊರವ್ರೇ ಗಾಡಿ ಅಡ್ಡ ಹಾಕಿದ್ರೆ?

ಸಂಕಟ ಅರ್ಥ ಆಗತ್ತೆ. ಕೊಟ್ಟಿಗೆಗೆ ಬಂದು ಕತ್ತಿ ತೋರ್ಸಿ ಹಸು ಬಿಚ್ಕೊಂಡು ಹೋದ್ರೆ ಆ ಮನೆಗೆ ಹಾಲಿನ ದುಡ್ಡು, ಗೊಬ್ರ ಎರಡೂ ನಿಂತೋಗತ್ತೆ, ಸಾಕಿದವ್ರ ಹೊಟ್ಟೆ ಉರಿ ಬೇರೆ. ಆದ್ರೂ ಗಾಡಿ ಅಡ್ಡ ಹಾಕಿ ಹೊಡಿಯೋ ಕೆಲ್ಸ ಬೇಡ್ವೇ ಬೇಡ. ಒಂದು, ಅವ್ರು ಗಾಡಿ ನಿಲ್ಸಲ್ಲ, ಮೈ ಮೇಲೇ ಹತ್ತಿಸ್ತಾರೆ. ಇನ್ನೊಂದು, ಒಳಗೆ ಇರೋನು ಸಂತೆಲಿ ಕೊಂಡು ಕಾಗ್ದ ಇಟ್ಕೊಂಡು ಹೋಗ್ತಿರೋ ಮನುಷ್ಯನೂ ಆಗಿರ್ಬಹುದು. ಜಾತಿ, ಧರ್ಮ, ಊರು, ಭಾಷೆ ಅಂತ ನೋಡಿ ಐದು ಜನ ಅಥ್ವಾ ಜಾಸ್ತಿ ಸೇರಿ ಕೊಂದ್ರೆ ಬಿಎನ್‌ಎಸ್ 103ರಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥ್ವಾ ಜೀವಾವಧಿ. ಹೋದ ಜೀವ ಯಾವ ಹಸುಗೂ ಸಮ ಅಲ್ಲ ಅನ್ನೋದು ನನ್ನ ಮಾತು, ಸಿಟ್ಟು ಬಂದ್ರೂ ಬರ್ಲಿ.

ಗಾಡಿ ನಂಬರ್, ಬಣ್ಣ, ಯಾವ ಕಡೆ ಹೋಯ್ತು ಅಂತ ತಕ್ಷಣ 112ಗೆ ಹೇಳಿ, ಮುಂದಿನ ಚೆಕ್‌ಪೋಸ್ಟಲ್ಲಿ ಹಿಡೀಬಹುದು. ಹಸು ಕಿವಿಲಿ ಪಶು ಆಸ್ಪತ್ರೆಯವ್ರು ಹಾಕೋ ಟ್ಯಾಗಲ್ಲಿ 12 ಅಂಕಿ ಇರತ್ತೆ, ಅದನ್ನ ಬರ್ದಿಟ್ಕೊಳ್ಳಿ. ಮುಖದ ಗುರುತು, ಕೋಡು ಕಾಣೋ ಹಂಗೆ ಫೋಟೋನೂ ಇರ್ಲಿ.

ಬೇಲಿ ಕಿತ್ತ, ದಾರಿ ಬಂದ್ ಮಾಡ್ದ. ಪೊಲೀಸ್ರು "ಸಿವಿಲ್ ಮ್ಯಾಟರ್ ಹೋಗಿ" ಅಂತಾರೆ

ಗಡಿ ಎಲ್ಲಿ ಅಂತ ಹೇಳೋ ಅಧಿಕಾರ ಎಸ್‌ಐಗೆ ಇಲ್ಲ, ಅದು ಸರ್ವೆಯವ್ರದ್ದು, ಹದ್ದುಬಸ್ತಿಗೆ ಅರ್ಜಿ ಹಾಕ್ಬೇಕು. ಜಾಗ ಯಾರದ್ದು ಅನ್ನೋದು ಕೋರ್ಟಿಂದು. ಸೊಪ್ಪಿನ ಬೆಟ್ಟ, ಬಗರ್‌ಹುಕುಂ ಜಾಗ ಆದ್ರೆ ಕಂದಾಯ, ಅರಣ್ಯ ಎರಡೂ ಇಲಾಖೆ ಬರತ್ತೆ. ಆದ್ರೆ ಕತ್ತಿ ಹಿಡ್ಕೊಂಡು ಬಂದ, ಹೊಡ್ದ, ಗಿಡ ಕಡ್ದ ಅಂದ್ರೆ ಅದು ಸಿವಿಲ್ ಅಲ್ಲ, ಕ್ರೈಮು. ಕಂಪ್ಲೇಂಟಲ್ಲಿ ಮೂರು ತಲೆಮಾರಿನ ಜಾಗದ ಕಥೆ ಬರ್ದು ಹೊಡ್ದಿದ್ದನ್ನ ಕೊನೇ ಸಾಲಲ್ಲಿ ಬರೀತಾರೆ, ಅಲ್ಲೇ ಕೇಸು ಹಾಳಾಗೋದು. ಹೊಡೆತದ ವಿಷ್ಯ ಮೊದಲ ಸಾಲಲ್ಲಿ ಇರ್ಲಿ, ಆಸ್ಪತ್ರೆಲಿ ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ ಮಾಡ್ಸಿ. ಮುಂದೆ ಗಲಾಟೆ ಆಗೋ ಹಂಗಿದ್ರೆ ಬಿಎನ್‌ಎಸ್‌ಎಸ್ 126ರಲ್ಲಿ ತಾಲೂಕು ಮ್ಯಾಜಿಸ್ಟ್ರೇಟ್, ಅಂದ್ರೆ ತಹಶೀಲ್ದಾರ್ ಮುಂದೆ ಶಾಂತಿ ಕಾಪಾಡೋ ಮುಚ್ಚಳಿಕೆ ಬರೆಸ್ತಾರೆ. ಹಳೇ ಕಾನೂನಿನ ಸೆಕ್ಷನ್ ನಂಬರ್ ಹಿಡ್ದು ಹಳೇಬ್ರು ನೂರಾಏಳು ಅಂತಿದ್ದದ್ದು ಇದೇ.

ಊರಲ್ಲೇ ಪಂಚಾಯ್ತಿ ಮಾಡಿ ಮುಗಿಸಿದ್ರೆ ಆಗಲ್ವಾ?

ಬೈದಾಟ, ದನ ತೋಟಕ್ಕೆ ನುಗ್ಗಿದ್ದು, ನೀರಿನ ಜಗಳ, ಇಂಥದ್ದೆಲ್ಲ ಹಿರಿಯರು ಕೂತು ಬಗೆಹರ್ಸಿದ್ರೆ ಒಳ್ಳೇದೇ, ಕೋರ್ಟಿಗೆ ಅಲೆಯೋದು ತಪ್ಪತ್ತೆ. ಆದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ರಾಜಿ ಅನ್ನೋದೇ ಇಲ್ಲ. ಪೋಕ್ಸೋ ಕಾಯ್ದೆಲಿ ಗೊತ್ತಿದ್ದೂ ತಿಳಿಸ್ದೇ ಇರೋದೇ ಅಪರಾಧ. ಹುಡುಗಿ ಮರ್ಯಾದೆ ಹೆಸ್ರಲ್ಲಿ ದಂಡ ಕಟ್ಟಿಸ್ಕೊಂಡು, ಇಲ್ಲ ಅವನಿಗೇ ಮದ್ವೆ ಮಾಡ್ಸಿ ಮುಗಿಸೋ ಪಂಚಾಯ್ತಿಲಿ ಕೂತವ್ರೆಲ್ಲ ಆ ಮಗುವಿಗೆ ಎರಡನೇ ಸಲ ಅನ್ಯಾಯ ಮಾಡ್ತಿದ್ದಾರೆ, ಎಷ್ಟೇ ದೊಡ್ಡ ಮನುಷ್ಯರಾಗಿರ್ಲಿ. ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡಿ. ಹೆಂಡ್ತಿಗೆ ಹೊಡಿಯೋದೂ "ಅವ್ರ ಮನೆ ವಿಷ್ಯ" ಅಲ್ಲ, ಮಹಿಳಾ ಸಹಾಯವಾಣಿ 181 ಇದೆ.

ಹೆಂಗಸ್ರನ್ನ, ವಯಸ್ಸಾದವ್ರನ್ನ ವಿಚಾರಣೆಗೆ ಸ್ಟೇಷನ್ನಿಗೆ ಕರೀಬಹುದಾ?

ಸಾಕ್ಷಿ ಹೇಳಿಕೆಗೆ ಹೆಂಗಸ್ರು, 15 ವರ್ಷದ ಒಳಗಿನವ್ರು, 60 ದಾಟಿದವ್ರನ್ನ ಮನೆಗೇ ಬಂದು ಕೇಳ್ಬೇಕು, ಬಿಎನ್‌ಎಸ್‌ಎಸ್ ಸೆಕ್ಷನ್ 179. ಹೆಂಗಸ್ರನ್ನ ಸೂರ್ಯ ಮುಳುಗಿದ್ಮೇಲೆ, ಹುಟ್ಟೋ ಮೊದ್ಲು ಅರೆಸ್ಟ್ ಮಾಡೋ ಹಂಗಿಲ್ಲ, ತೀರಾ ವಿಶೇಷ ಸಂದರ್ಭ ಬಂದ್ರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡಿರ್ಬೇಕು.

ಮನೆಯವ್ರನ್ನ ಪೊಲೀಸ್ರು ಕರ್ಕೊಂಡು ಹೋಗಿದ್ದಾರೆ, ಏನೂ ಹೇಳ್ತಿಲ್ಲ

ಯಾಕೆ ಅಂತ ಹೇಳ್ಲೇಬೇಕು, ಮನೆಯವ್ರಿಗೆ ತಿಳಿಸ್ಲೇಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು, ಪ್ರಯಾಣದ ಹೊತ್ತು ಬಿಟ್ಟು. 7 ವರ್ಷದವರೆಗಿನ ಅಪರಾಧಕ್ಕೆ ಸಾಮಾನ್ಯವಾಗಿ ಮೊದ್ಲು ಬಿಎನ್‌ಎಸ್‌ಎಸ್ ಸೆಕ್ಷನ್ 35ರ ನೋಟಿಸ್ ಕೊಡ್ತಾರೆ, ಆ ನೋಟಿಸ್ಗೆ ಹೋಗ್ದೇ ಇದ್ರೆ ಅರೆಸ್ಟಿಗೆ ದಾರಿ ಆಗತ್ತೆ. ಠಾಣೆಲಿ ಸಿಸಿಟಿವಿ ಇರ್ಬೇಕು ಅಂತ 2020ರ ಸುಪ್ರೀಂ ಕೋರ್ಟ್ ಆದೇಶ ಇದೆ, ಹೊಡ್ದಿದ್ರೆ ಮ್ಯಾಜಿಸ್ಟ್ರೇಟ್ ಕೇಳಿದಾಗ ಹೆದ್ರದೇ ಹೇಳಿ. ಲಾಯರ್ ಇಡಕ್ಕೆ ದುಡ್ಡಿಲ್ಲ ಅಂದ್ರೆ ತಾಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಲ್ಪ್‌ಲೈನ್ 15100, ಹೆಂಗಸ್ರಿಗೆ, ಎಸ್‌ಸಿ ಎಸ್‌ಟಿಯವ್ರಿಗೆ ಆದಾಯ ನೋಡಲ್ಲ.

ನಕ್ಸಲ್ ಕಾಲದಲ್ಲಿ ಈ ಭಾಗದ ಎಷ್ಟೋ ಮನೆಗೆ ಎರಡೂ ಕಡೆಯಿಂದ ಹೆದ್ರಿಕೆ ಇತ್ತು, ಊಟ ಹಾಕಿದ್ರೆ ಪೊಲೀಸು, ಹಾಕ್ದಿದ್ರೆ ಅವ್ರು. 2025ರ ಜನವರಿಲಿ ಆರು ಜನ ಶರಣಾದ್ಮೇಲೆ ಆ ಅಧ್ಯಾಯ ಹೆಚ್ಚೂಕಡ್ಮೆ ಮುಗೀತು. ಖಾಕಿ ಕಂಡ್ರೆ ಬಾಗ್ಲು ಹಾಕೋ ಅಭ್ಯಾಸ ಮಾತ್ರ ಕಾಡಂಚಿನ ಊರಲ್ಲಿ ಇನ್ನೂ ಇದೆ, ಅದು ಹೋಗ್ಬೇಕಾದ್ರೆ ಮೊದ್ಲು ಸ್ಟೇಷನ್ನಲ್ಲಿ ಕೂರ್ಸಿ ಮಾತಾಡ್ಸೋದು ಶುರುವಾಗ್ಬೇಕು.

ಹಂದಿ ಕಾಟಕ್ಕೆ ಕೋವಿ, ಕರೆಂಟ್ ಬೇಲಿ?

ಕೊಡಗಿನ ಕೊಡವರಿಗೆ ಕೋವಿ ಲೈಸೆನ್ಸಿಂದ ಇರೋ ವಿನಾಯ್ತಿ ನಮಗಿಲ್ಲ, ಲೈಸೆನ್ಸ್ ಬೇಕೇ ಬೇಕು, ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸ್ಬೇಕಾಗತ್ತೆ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಶಿಕಾರಿಗೆ ಅಲ್ಲ. ಲೈನಿಂದ ನೇರ ಕರೆಂಟ್ ಎಳೆದು ಬೇಲಿಗೆ ಕೊಡೋರು ದಯವಿಟ್ಟು ನಿಲ್ಸಿ. ಹಂದಿಗೆ ಇಟ್ಟಿದ್ದು ಬೆಳಗ್ಗೆ ಸೊಪ್ಪಿಗೆ ಹೋದ ಪಕ್ಕದ ಮನೆಯವ್ರನ್ನ ತೆಗಿಯತ್ತೆ, ಆಮೇಲೆ ಎರಡು ಮನೆನೂ ಹಾಳು.

ಕಿರಾಣಿ ಅಂಗಡಿಲಿ ಮದ್ಯ ಮಾರ್ತಾರೆ, ಹೇಳಿದ್ರೆ ನಮ್ಮ ಹೆಸ್ರು ಹೊರಗೆ ಬರತ್ತೆ

112ಗೆ ಹೇಳಿ, ಇಲ್ಲ ಅಬಕಾರಿ ಇಲಾಖೆಗೆ. ಒಬ್ಬರೇ ಹೋಗೋ ಬದ್ಲು ಸ್ತ್ರೀಶಕ್ತಿ ಸಂಘದವ್ರು ಒಟ್ಟಿಗೆ ಸಹಿ ಹಾಕಿ ಕೊಟ್ರೆ ಒಬ್ಬರ ಮೇಲೆ ಸಿಟ್ಟು ಬರಲ್ಲ. ಶುಂಠಿ ಗದ್ದೆ ಮಧ್ಯ ಗಾಂಜಾ ಹಾಕಿದ್ದು ಕಂಡ್ರೂ ಹಿಂಗೇ, ಗದ್ದೆ ಲೀಸಿಗೆ ಕೊಟ್ಟವ್ರು ಆಗಾಗ ಹೋಗಿ ನೋಡ್ಕೊಂಡು ಬರ್ಬೇಕು, ಪಹಣಿ ನಿಮ್ಮ ಹೆಸ್ರಲ್ಲಿ ಇರತ್ತೆ.

ಹೊರರಾಜ್ಯದ ಕೆಲ್ಸದವ್ರು ಬಂದಿದ್ದಾರೆ, ಅನುಮಾನ

ಕೆಲ್ಸಕ್ಕೆ ಇಟ್ಕೊಂಡವ್ರು ಆಧಾರ್ ಕಾಪಿ, ಫೋಟೋ ತಗೊಂಡು ಸ್ಟೇಷನ್ನಿಗೆ ಒಂದು ಕಾಪಿ ಕೊಡಿ. ಅಷ್ಟು ಸಾಕು. ಅಡಿಕೆ ಎಲ್ಲಿ ಇಟ್ಟಿದೆ, ನಾಯಿ ಕಟ್ಟಿದ್ಯಾ, ಮನೇಲಿ ಯಾರಿದ್ದಾರೆ ಅನ್ನೋದು ಗೊತ್ತಿರೋದು ಹತ್ರದವ್ರಿಗೆ, ಹಾಗಾಗಿ ಭಾಷೆ ಬರದವ್ನನ್ನ ಮೊದ್ಲು ಹಿಡಿಯೋದು ತಪ್ಪು.

ಫೋನಲ್ಲಿ ದುಡ್ಡು ಹೋಯ್ತು

ಸೈಬರ್ ವಂಚನೆ ಸಹಾಯವಾಣಿ 1930, ತಕ್ಷಣ. ನಾಳೆ ಬ್ಯಾಂಕಿಗೆ ಹೋಗಿ ಕೇಳೋಣ ಅಂತ ಕಾದ್ರೆ ದುಡ್ಡು ಕೈ ದಾಟಿರತ್ತೆ. ಆಮೇಲೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧದ) ಠಾಣೆ ಅಥ್ವಾ ನಿಮ್ಮದೇ ಸ್ಟೇಷನ್ನು. ವಾಟ್ಸಾಪಲ್ಲಿ ಬರೋ ಕಿಸಾನ್ ಯೋಜನೆ, ಮದ್ವೆ ಕರೆಯೋಲೆ ಹೆಸ್ರಿನ ಫೈಲ್ ಇನ್‌ಸ್ಟಾಲ್ ಮಾಡ್ಬೇಡಿ. ವಿಡಿಯೋ ಕಾಲಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲಿ ಇಲ್ವೇ ಇಲ್ಲ, ಊರಲ್ಲಿ ಒಬ್ರೇ ಇರೋ ಅಪ್ಪ ಅಮ್ಮಂಗೆ ಇದನ್ನ ಫೋನ್ ಮಾಡಿದಾಗೆಲ್ಲ ಹೇಳಿ.

ಸಾಲದ ಕಂಪನಿಯವ್ರು ರಾತ್ರಿ ಮನೆ ಮುಂದೆ ಕೂರ್ತಾರೆ

ಹಂಗೆ ಕೂರಂಗಿಲ್ಲ. ಸಾಲ ತೀರಿಸ್ಬೇಕು ನಿಜ, ಆದ್ರೆ ಹೆದರ್ಸಿ, ಅವಮಾನ ಮಾಡಿ ವಸೂಲಿ ಮಾಡಿದ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇರೋ ಕಾನೂನು 2025ರಲ್ಲಿ ರಾಜ್ಯದಲ್ಲಿ ಬಂದಿದೆ. ವಿಡಿಯೋ ಮಾಡಿ, 112ಗೆ ಹೇಳಿ.

ಸ್ಟೇಷನ್ನಲ್ಲೇ ದುಡ್ಡು ಕೇಳಿದ್ರೆ?

ಲೋಕಾಯುಕ್ತ. 2022ರಲ್ಲಿ ಹೈಕೋರ್ಟ್ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ್ಮೇಲೆ ಆ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸಿಗೇ ಬಂದಿದೆ, ಶಿವಮೊಗ್ಗದಲ್ಲೇ ಆಫೀಸಿದೆ. ಕೊಡೋ ಮೊದ್ಲೇ ಹೋಗ್ಬೇಕು.

ನಮಗೆ ಬರಿಯಕ್ಕೇ ಬರಲ್ಲ, ಕಂಪ್ಲೇಂಟ್ ಹೆಂಗೆ ಕೊಡದು?

ಬಾಯಲ್ಲಿ ಹೇಳಿ. ನೀವು ಹೇಳಿದ್ದನ್ನ ಬರ್ಕೊಂಡು ನಿಮಗೆ ಓದಿ ಹೇಳೋದು ಪೊಲೀಸರ ಕರ್ತವ್ಯ, ಓದಿದ್ದು ಕೇಳಿ ಸರಿ ಇದ್ರೆ ಮಾತ್ರ ಸಹಿನೋ ಹೆಬ್ಬೆಟ್ಟೋ ಹಾಕಿ. ಯಾವ ದಿನ, ಎಷ್ಟೊತ್ತಿಗೆ, ಎಲ್ಲಿ, ಯಾರು, ಏನು ಮಾಡಿದ್ರು, ಯಾರು ನೋಡಿದ್ರು, ಏನು ಹೋಯ್ತು, ಅದ್ರ ಬೆಲೆ ಎಷ್ಟು. ತಡವಾಗಿ ಹೋಗಿದ್ರೆ ಯಾಕೆ ತಡ ಆಯ್ತು ಅನ್ನೋದನ್ನೂ ಸೇರಿಸ್ಬೇಕು, ಬಸ್ ಇರ್ಲಿಲ್ಲ, ಹಳ್ಳ ತುಂಬಿತ್ತು ಅನ್ನೋದೂ ಕಾರಣನೇ. ಖಾಲಿ ಹಾಳೆಗೆ ಯಾರು ಹೇಳಿದ್ರೂ ಸಹಿ ಹಾಕ್ಬೇಡಿ, ಕರ್ಕೊಂಡು ಹೋದ ಮೆಂಬರ್ ಹೇಳಿದ್ರೂ ಹಾಕ್ಬೇಡಿ.